ಒಕ್ಲಹೋಮಾದಲ್ಲಿ ಓದುತ್ತಿರುವ ಮಗಳು ಸೂಪರ್‌ಸೆಲ್ ಬೆನ್ನಟ್ಟಲು ಹೊರಟಿದ್ದಾಳೆ: ನಾನು ಅವಳನ್ನು ಏನೇನು ಕೇಳಿ ತಿಳಿಯಬೇಕು?

ಮಳೆಲೆಕ್ಕ, ತೀರ್ಥಹಳ್ಳಿ ತಾಲ್ಲೂಕು
ಏಪ್ರಿಲ್ 22, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಈ ಬಳಗದಲ್ಲಿ ನಾನು ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ ಅಂದಿನ ಅಂಕಿಯನ್ನಷ್ಟೇ ಬರೆಯುವವಳು. ಇವತ್ತು ಒಂದು ಪ್ರಶ್ನೆಯೊಂದಿಗೆ ಬಂದಿದ್ದೇನೆ. ಮಳೆಯ ವಿಷಯವೇ ಆದ್ದರಿಂದ ಇಲ್ಲಿ ಕೇಳುವುದು ತಪ್ಪಾಗಲಾರದು ಎಂದುಕೊಂಡಿದ್ದೇನೆ.

ನನ್ನ ಮಗಳು ಕಳೆದ ಆಗಸ್ಟ್‌ನಿಂದ ಅಮೆರಿಕದ ಒಕ್ಲಹೋಮಾ ರಾಜ್ಯದ ನಾರ್ಮನ್ ಎಂಬ ಊರಿನಲ್ಲಿ ಹವಾಮಾನ ವಿಜ್ಞಾನದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ಅಲ್ಲಿನ ಬಯಲುಸೀಮೆಯ ಮೇಲೆ ಸೂಪರ್‌ಸೆಲ್ ಎಂಬ ದೊಡ್ಡ ಗುಡುಗುಮಳೆ ಮೋಡಗಳು ಏಳುತ್ತವೆಯಂತೆ, ಅವುಗಳಿಂದ ಸುಂಟರಗಾಳಿಯೂ ಹುಟ್ಟುತ್ತದೆಯಂತೆ, ಅಂಥ ಮೋಡದ ಹಿಂದೆ ಕಾರಿನಲ್ಲಿ ನೂರಾರು ಕಿಲೋಮೀಟರ್ ಹೋಗಿ ಅದನ್ನು ಹತ್ತಿರದಿಂದ ನೋಡಿ ದಾಖಲಿಸುವವರಿದ್ದಾರಂತೆ. ಈ ವರ್ಷ ತನ್ನ ಜೊತೆಯವರೊಂದಿಗೆ ತಾನೂ ಹೋಗುತ್ತೇನೆಂದು ಮೊನ್ನೆ ಫೋನಿನಲ್ಲಿ ಹೇಳಿದಳು. ಅವಳು ನನ್ನ ಅನುಮತಿ ಕೇಳಲಿಲ್ಲ. ಇಪ್ಪತ್ನಾಲ್ಕು ವರ್ಷದ ಹೆಣ್ಣುಮಗಳು ಕೇಳಬೇಕೆಂದೂ ಇಲ್ಲ. ಆದರೆ ನನ್ನಿಂದ ಮುಚ್ಚಿಡಲಿಲ್ಲ ಎಂಬುದು ನನಗೆ ದೊಡ್ಡ ಮಾತು.

ಮಳೆಗೆ ಹೆದರುವವಳು ನಾನಲ್ಲ. ನಮ್ಮ ಮನೆಯಿಂದ ಆಗುಂಬೆ ಮೂವತ್ತು ಕಿಲೋಮೀಟರ್ ಕೂಡ ಇಲ್ಲ. ಜುಲೈನಲ್ಲಿ ಒಂದೇ ದಿನಕ್ಕೆ ಇನ್ನೂರು ಮಿ.ಮೀ. ಅಳೆದು ಬರೆದ ಬೆಳಗುಗಳು ನನ್ನ ಪುಸ್ತಕದಲ್ಲಿ ಎಷ್ಟೋ ಇವೆ. ಆದರೆ ಆಷಾಢದ ಮಳೆಯಲ್ಲಿ ಗುಡುಗು ಅಪರೂಪ, ಅದು ಸದ್ದಿಲ್ಲದೆ ಹಗಲಿರುಳೂ ಸುರಿಯುವ ಮಳೆ. ನಾನು ಹೆದರುವುದು ಅಶ್ವಿನಿ, ಭರಣಿ, ಕೃತ್ತಿಕೆಯ ಮಳೆಗೆ. ಮಧ್ಯಾಹ್ನದ ಸೆಕೆಯ ಮೇಲೆ ಒಮ್ಮೆಲೇ ಕಪ್ಪು ಕಟ್ಟಿ, ಗಾಳಿ ಎದ್ದು, ಸಿಡಿಲು ಹೊಡೆದು, ಮುಕ್ಕಾಲು ಗಂಟೆಯಲ್ಲಿ ಮುಗಿದುಹೋಗುವ ಆ ಮಳೆ ನಮ್ಮ ಕೇರಿಯಲ್ಲಿ ತೆಂಗಿನ ಮರಗಳನ್ನು ಸುಟ್ಟಿದೆ, ಕೊಟ್ಟಿಗೆಯಲ್ಲಿ ದನ ಕೊಂದಿದೆ. ಮಗಳು ಹೇಳುವ ಮೋಡ ಇದರ ನೂರು ಪಾಲು ಎಂದು ಕಲ್ಪಿಸಿಕೊಂಡರೆ ನಿದ್ದೆ ಬರುವುದಿಲ್ಲ.

ಹೋಗಬೇಡ ಎಂದು ನಾನು ಹೇಳಲಾರೆ. ಹೇಳಿದರೆ ಮುಂದಿನ ಸಲ ಅವಳು ತಿಳಿಸದೆಯೇ ಹೋಗುತ್ತಾಳೆ, ಅದು ಇನ್ನೂ ಕೆಟ್ಟದ್ದು. ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ. ಅವಳು ವಿವೇಕದಿಂದ ಹೋಗುತ್ತಿದ್ದಾಳೋ ಹುಮ್ಮಸ್ಸಿನಿಂದ ಹೋಗುತ್ತಿದ್ದಾಳೋ ಎಂದು ತಿಳಿಯಲು ನಾನು ಅವಳನ್ನು ಏನೇನು ಕೇಳಬೇಕು? ಅವಳ ಉತ್ತರ ಸರಿಯಿದೆಯೋ ಇಲ್ಲವೋ ಎಂದು ಇಲ್ಲಿ ಕುಳಿತು ಅಳೆಯುವ ಬಗೆ ಯಾವುದು? ಅಲ್ಲಿದ್ದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.


ಗಾಜನೂರು ದಂಡೆ, ಶಿವಮೊಗ್ಗ
ಏಪ್ರಿಲ್ 22, ರಾತ್ರಿ 11.45

ಅಕ್ಕ, ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಮಲಗಲಾಗಲಿಲ್ಲ. ನಾನು ಕೆಲಸದ ನಿಮಿತ್ತ ಒಕ್ಲಹೋಮಾ ಸಿಟಿಯಲ್ಲಿ ಆರು ವರ್ಷ ಇದ್ದೆ. ಸಹೋದ್ಯೋಗಿಯೊಬ್ಬನಿಗೆ ಈ ಹವ್ಯಾಸವಿತ್ತು. ಅವನೊಂದಿಗೆ ನಾಲ್ಕು ವಸಂತಗಳಲ್ಲಿ ಸುಮಾರು ಇಪ್ಪತ್ತು ಸಲ ಹೋಗಿರಬೇಕು. ಅಷ್ಟರಲ್ಲಿ ಸುಂಟರಗಾಳಿಯನ್ನು ಕಣ್ಣಾರೆ ಕಂಡದ್ದು ಎರಡೇ ಸಲ. ಹೆಚ್ಚಿನ ದಿನಗಳಲ್ಲಿ ಬರಿಗೈಯಲ್ಲಿ ಮರಳಿದ್ದೇವೆ. ಈ ಮಾತನ್ನು ಮೊದಲೇ ಹೇಳಿದ್ದು ನಿಮ್ಮ ಮನಸ್ಸಿನಲ್ಲಿರುವ ಚಿತ್ರ ಸ್ವಲ್ಪ ಬದಲಾಗಲಿ ಎಂದು.

ಒಂದು ದಿನದ ಓಡಾಟ ಹೇಗಿರುತ್ತದೆ ಎಂಬುದನ್ನು ಹೇಳುತ್ತೇನೆ. ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ತೇವದ ಗಾಳಿ ಬರುತ್ತದೆ, ಪಶ್ಚಿಮದ ಎತ್ತರದ ಮರುಭೂಮಿಯ ಕಡೆಯಿಂದ ಒಣಗಾಳಿ ಬರುತ್ತದೆ. ಎರಡೂ ಕೂಡುವ ಗಡಿಯನ್ನು ಅಲ್ಲಿ ಒಣಗೆರೆ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಮೇ ತಿಂಗಳಲ್ಲಿ ಆ ಗೆರೆ ಬಹಳ ಸಲ ಟೆಕ್ಸಾಸ್‌ನ ಉತ್ತರದ ತುದಿ ಮತ್ತು ಒಕ್ಲಹೋಮಾದ ಪಶ್ಚಿಮದ ಅಂಚಿನ ಆಸುಪಾಸಿನಲ್ಲಿ ಬೀಳುತ್ತದೆ. ನಾವು ಬೆಳಿಗ್ಗೆ ನಾರ್ಮನ್‌ನಲ್ಲಿರುವ ಬಿರುಮಳೆ ಮುನ್ಸೂಚನಾ ಕೇಂದ್ರದ ನಕ್ಷೆ ನೋಡಿ, ಮಧ್ಯಾಹ್ನದ ಹೊತ್ತಿಗೆ 40ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟು ಕ್ಲಿಂಟನ್ ಅಥವಾ ಎಲ್ಕ್ ಸಿಟಿಯ ಪೆಟ್ರೋಲ್ ಬಂಕಿನಲ್ಲಿ ಕಾಯುತ್ತಿದ್ದೆವು. ಈ ಕಾಯುವಿಕೆ ಎರಡು ಗಂಟೆಯೂ ಆಗಬಹುದು, ಐದು ಗಂಟೆಯೂ ಆಗಬಹುದು. ನೆಲದ ಮೇಲಿನ ತೇವದ ಗಾಳಿಯ ಮೇಲೆ ಬಿಸಿಯಾದ ಒಣಗಾಳಿಯ ಪದರವೊಂದು ಹಂಡೆಯ ಮುಚ್ಚಳದಂತೆ ಕುಳಿತಿರುತ್ತದೆ. ಮುಚ್ಚಳ ಗಟ್ಟಿಯಾಗಿದ್ದರೆ ಸಂಜೆಯವರೆಗೂ ನೀಲಿ ಆಕಾಶ ನೋಡಿ ವಾಪಸಾಗಬೇಕು. ಎಲ್ಲೋ ಒಂದು ಕಡೆ ಅದು ಒಡೆದರೆ, ಬೆಳಗಿನಿಂದ ಕೂಡಿಟ್ಟ ಬಿಸಿಯೆಲ್ಲ ಅಲ್ಲಿಂದಲೇ ಮೇಲಕ್ಕೆ ನುಗ್ಗುತ್ತದೆ. ಹೂಕೋಸಿನಂತಹ ಬಿಳಿಯ ಮೋಡ ಅರ್ಧ ಗಂಟೆಯೊಳಗೆ ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆದು, ನೆತ್ತಿಯಲ್ಲಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ನೂರು ಕಿಲೋಮೀಟರ್ ದೂರದಿಂದಲೇ ಅದು ಇಡಿಯಾಗಿ ಕಾಣುತ್ತದೆ. ನಮ್ಮಲ್ಲಿ ಹಾಗೆ ಇಡೀ ಮೋಡವನ್ನು ಬುಡದಿಂದ ತುದಿಯವರೆಗೆ ಕಾಣಲು ಕುಂದಾದ್ರಿಯಂತಹ ಬೆಟ್ಟವನ್ನೇ ಹತ್ತಬೇಕು.

ಇನ್ನು ಎಲ್ಲಿ ನಿಲ್ಲಬೇಕು ಎಂಬ ಮಾತು. ನಿಮ್ಮ ಮಗಳನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಅಲ್ಲಿನ ಸೂಪರ್‌ಸೆಲ್ ಸಾಮಾನ್ಯವಾಗಿ ಈಶಾನ್ಯದ ಕಡೆಗೋ ಪೂರ್ವದ ಕಡೆಗೋ ಸಾಗುತ್ತದೆ. ಅದರ ಮುಂಭಾಗದಲ್ಲಿ, ಅಂದರೆ ಈಶಾನ್ಯದ ಬದಿಯಲ್ಲಿ, ದಟ್ಟ ಮಳೆ ಮತ್ತು ಆಲಿಕಲ್ಲು ಬೀಳುತ್ತಿರುತ್ತದೆ. ಗಾಳಿ ಮೇಲಕ್ಕೆ ಸೆಳೆಯುವ ಬುಡವಿರುವುದು ಹಿಂದೆ, ನೈರುತ್ಯದ ತುದಿಯಲ್ಲಿ. ಅಲ್ಲಿ ಮಳೆಯಿಲ್ಲದ ಕಪ್ಪು ತಳ, ಅದರಿಂದ ಕೆಳಕ್ಕಿಳಿದ ಗೋಡೆಯಂತಹ ಮೋಡದ ತುಂಡು, ಅದು ನಿಧಾನವಾಗಿ ಸುತ್ತುವುದು, ಎಲ್ಲವೂ ಬರಿಗಣ್ಣಿಗೆ ಕಾಣುತ್ತದೆ. ಬಲ್ಲವರು ಆ ಬುಡದ ಆಗ್ನೇಯಕ್ಕೆ ಕೆಲವು ಕಿಲೋಮೀಟರ್ ದೂರದಲ್ಲಿ, ದಕ್ಷಿಣಕ್ಕೂ ಪೂರ್ವಕ್ಕೂ ದಾರಿ ತೆರೆದಿರುವ ಕೂಡುರಸ್ತೆಯಲ್ಲಿ, ಕಾರಿನ ಮುಖವನ್ನು ಹೊರಡುವ ದಿಕ್ಕಿಗೆ ತಿರುಗಿಸಿ ನಿಲ್ಲುತ್ತಾರೆ. ಬೆನ್ನಿಗೆ ಬೆಚ್ಚನೆಯ ತೇವದ ಗಾಳಿ ಬಡಿಯುತ್ತಿರುತ್ತದೆ. ಆ ಗಾಳಿ ಮೋಡದೊಳಕ್ಕೇ ಹೋಗುತ್ತಿರುತ್ತದೆ. ಅದು ಇದ್ದಕ್ಕಿದ್ದಂತೆ ತಣ್ಣಗಾಗಿ ಎದುರಿನಿಂದ ಬೀಸತೊಡಗಿದರೆ ಜಾಗ ಬಿಡಬೇಕು. ನಾನು ಕಂಡ ನೋಟಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ. ಗೋಧಿ ಹೊಲದ ಅಂಚಿನಲ್ಲಿ ನಿಂತು, ಒಂದು ಊರಿನಷ್ಟು ಅಗಲದ ಮೋಡ ಸದ್ದಿಲ್ಲದೆ ತಿರುಗುವುದನ್ನು ನೋಡುವಾಗ ಮಾತೇ ಹೊರಡುವುದಿಲ್ಲ. ಮಗಳು ಯಾಕೆ ಹೋಗಬಯಸುತ್ತಾಳೆ ಎಂಬುದು ನಿಮಗೆ ತಿಳಿಯಲಿ ಎಂದೇ ಇದನ್ನು ಬರೆದೆ.

ಎರಡನೆಯ ಪ್ರಶ್ನೆ, ಮಳೆಯ ಒಳಗಿನಿಂದ ನುಗ್ಗಿ ಆಚೆ ಬದಿಗೆ ಹೋಗುವ ಅಭ್ಯಾಸ ಅವರಿಗಿದೆಯೇ ಎಂಬುದು. ಉತ್ತರದಿಂದ ಬರುವವರು ಸುತ್ತುಹಾಕಿ ದಕ್ಷಿಣಕ್ಕೆ ಬರುವ ಬದಲು ಸಮಯ ಉಳಿಸಲು ನಡುವೆಯೇ ತೂರುತ್ತಾರೆ. ನಾವೂ ಒಮ್ಮೆ ಹಾಗೆ ಮಾಡಿದೆವು. ನಿಂಬೆಹಣ್ಣಿನಷ್ಟು ದೊಡ್ಡ ಆಲಿಕಲ್ಲು ಬಿದ್ದು ಮುಂದಿನ ಗಾಜು ಬಿರುಕು ಬಿಟ್ಟಿತು. ಮುಂದೆ ಹತ್ತು ಮಾರು ಕಾಣುತ್ತಿರಲಿಲ್ಲ. ಆ ಪರದೆಯಾಚೆ ಏನಿದೆ ಎಂದು ತಿಳಿಯದೆ ಗಾಡಿ ಓಡಿಸಿದ ಆ ಆರೇಳು ನಿಮಿಷಗಳನ್ನು ನಾನು ಮರೆಯಲಾರೆ. ಅಲ್ಲಿನ ಆಲಿಕಲ್ಲನ್ನು ನಮ್ಮ ಆನೆಕಲ್ಲಿನ ಲೆಕ್ಕದಲ್ಲಿ ಎಣಿಸಬಾರದು. 2010ರ ಜುಲೈ 23ರಂದು ದಕ್ಷಿಣ ಡಕೋಟಾದ ವಿವಿಯನ್ ಎಂಬಲ್ಲಿ ಬಿದ್ದ ಒಂದು ಕಲ್ಲು 20 ಸೆಂಟಿಮೀಟರ್ ಅಗಲವಿತ್ತು, ಸುಮಾರು 880 ಗ್ರಾಂ ತೂಗಿತು.

ಮೂರನೆಯದು ರಸ್ತೆ. ಅಲ್ಲಿ ಮೈಲಿಗೊಂದರಂತೆ ಚೌಕಾಕಾರವಾಗಿ ರಸ್ತೆಗಳಿವೆ, ನಕ್ಷೆಯಲ್ಲಿ ನೋಡಿದರೆ ಎಲ್ಲಿಂದ ಎಲ್ಲಿಗಾದರೂ ಓಡಬಹುದು ಎನಿಸುತ್ತದೆ. ಆದರೆ ಅವುಗಳಲ್ಲಿ ಎಷ್ಟೋ ರಸ್ತೆಗಳು ಡಾಂಬರಿಲ್ಲದ ಕೆಂಪುಮಣ್ಣಿನವು. ನಮ್ಮ ಮಲೆನಾಡಿನ ಮಣ್ಣುರಸ್ತೆ ಜೂನ್‌ನಲ್ಲಿ ಹೇಗಾಗುತ್ತದೆ ಎಂಬುದು ನಿಮಗೆ ಹೇಳಬೇಕಿಲ್ಲ, ಅಲ್ಲಿಯೂ ಮಳೆ ಬಿದ್ದ ಹತ್ತು ನಿಮಿಷಕ್ಕೆ ಹಾಗೆಯೇ ಆಗುತ್ತದೆ. ನದಿಗಳ ಮೇಲೆ ಸೇತುವೆಗಳೂ ಕಡಿಮೆ. ಸಿಗಂದೂರಿಗೆ ಸೇತುವೆಯಾಗುವ ಮೊದಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದವರಿಗೆ ಇದು ಅರ್ಥವಾಗುತ್ತದೆ. ಎದುರು ದಡ ಕಣ್ಣೆದುರಿಗೇ ಇರುತ್ತದೆ, ದಾಟಲು ದಾರಿಯಿರುವುದಿಲ್ಲ. ಆದ್ದರಿಂದ ಸಾಗುವ ಹಾದಿಯಲ್ಲಿ ಯಾವ ನದಿ, ಅದಕ್ಕೆ ಸೇತುವೆ ಎಲ್ಲೆಲ್ಲಿ ಎಂದು ಕೇಳಿ.

ಕೊನೆಯದಾಗಿ ಹೇಳುವುದು ಕಠಿಣವಾದದ್ದು, ಆದರೆ ಮರೆಮಾಚಿದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೆನೊ ಬಳಿ ಎದ್ದ ಸುಂಟರಗಾಳಿ ಕೆಲವೇ ನಿಮಿಷಗಳಲ್ಲಿ 4 ಕಿಲೋಮೀಟರಿಗೂ ಹೆಚ್ಚು ಅಗಲವಾಗಿ, ಮಳೆಯ ಮರೆಯಲ್ಲಿ ದಿಕ್ಕು ಮತ್ತು ವೇಗ ಎರಡನ್ನೂ ಬದಲಿಸಿತು. ಟಿಮ್ ಸಮಾರಸ್, ಅವರ ಮಗ ಪಾಲ್, ಸಹೋದ್ಯೋಗಿ ಕಾರ್ಲ್ ಯಂಗ್ ತಮ್ಮ ಕಾರಿನಲ್ಲಿದ್ದಾಗಲೇ ಅದಕ್ಕೆ ಸಿಕ್ಕಿ ತೀರಿಕೊಂಡರು. ಸಮಾರಸ್ ಹುಡುಗಾಟದವರಲ್ಲ. 2003ರಲ್ಲಿ ಸುಂಟರಗಾಳಿಯ ದಾರಿಯಲ್ಲಿ ಉಪಕರಣ ಇರಿಸಿ 100 ಮಿಲಿಬಾರ್ ಒತ್ತಡ ಕುಸಿತವನ್ನು ಅಳೆದವರು, ಈ ಕ್ಷೇತ್ರದಲ್ಲಿ ಎಲ್ಲರಿಗಿಂತ ಎಚ್ಚರದವರು ಎಂದು ಹೆಸರಾಗಿದ್ದವರು. ಆದರೂ ಬೆನ್ನಟ್ಟುವವರ ಜೀವಕ್ಕೆ ಸುಂಟರಗಾಳಿಗಿಂತ ದೊಡ್ಡ ಅಪಾಯ ಹೆದ್ದಾರಿಯದ್ದು. 2017ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಒಂದು ಕೂಡುರಸ್ತೆಯಲ್ಲಿ ಎರಡು ಕಾರುಗಳು ಡಿಕ್ಕಿಯಾಗಿ ಮೂವರು ಸತ್ತರು. 2022ರ ಏಪ್ರಿಲ್ ಕೊನೆಯಲ್ಲಿ ನಿಮ್ಮ ಮಗಳಿರುವ ಊರಿನ ಮೂವರು ಹವಾಮಾನ ವಿದ್ಯಾರ್ಥಿಗಳು ಕಾನ್ಸಾಸ್‌ನಲ್ಲಿ ಬಿರುಮಳೆ ನೋಡಿ ರಾತ್ರಿ ಮರಳುವಾಗ ಒದ್ದೆ ಹೆದ್ದಾರಿಯಲ್ಲಿ ಕಾರು ಜಾರಿ ಟ್ರಕ್ಕಿಗೆ ಸಿಕ್ಕಿ ಜೀವ ಕಳೆದುಕೊಂಡರು. ಆದ್ದರಿಂದ ಗಾಡಿ ಓಡಿಸುವವನು ಓಡಿಸುವುದನ್ನು ಬಿಟ್ಟು ಬೇರೇನನ್ನೂ ಮಾಡುವುದಿಲ್ಲವೇ, ಕತ್ತಲಾದ ಮೇಲೆ ಎಷ್ಟು ದೂರ ಬರುತ್ತಾರೆ, ಅಲ್ಲಿಯೇ ತಂಗಲು ದುಡ್ಡು ಇಟ್ಟುಕೊಂಡಿದ್ದಾರೆಯೇ ಎಂದು ಕೇಳಿ. ಬೇಕಾದರೆ ತಂಗುವ ದುಡ್ಡನ್ನು ನೀವೇ ಕಳಿಸಿಬಿಡಿ.


ತೋಟದಮನೆ, ಹೊಸನಗರ
ಏಪ್ರಿಲ್ 23, ಬೆಳಿಗ್ಗೆ 7.20

ಮೇಲಿನವರು ಇಷ್ಟೆಲ್ಲ ಬರೆದ ಮೇಲೂ ಹೋಗಲಿ ಎಂದು ಹೇಳುವುದು ನನಗೆ ಅರ್ಥವಾಗುತ್ತಿಲ್ಲ. ಅಷ್ಟು ಬಲ್ಲವರೇ ಸತ್ತರೆಂದರೆ ಹೊಸಬರ ಗತಿಯೇನು? ಕಳೆದ ವರ್ಷ ಮೇ ತಿಂಗಳ ಒಂದೇ ಗಾಳಿಗೆ ನನ್ನ ಫಸಲು ಕೊಡುವ ಅಡಿಕೆ ಮರಗಳು ಅರುವತ್ತಕ್ಕಿಂತ ಹೆಚ್ಚು ನಡುವಿನಲ್ಲೇ ಮುರಿದು ಬಿದ್ದವು. ಅದು ಬರೀ ಐದು ನಿಮಿಷದ ಗಾಳಿ. ಗಾಳಿ ಬಂದಾಗ ಒಳಗೆ ಬಾಗಿಲು ಹಾಕಿ ಕುಳಿತುಕೊಳ್ಳಬೇಕೆಂದು ನಮ್ಮ ಹಿರಿಯರು ಹೇಳಿದ್ದು ಅನುಭವದಿಂದಲೇ. ಅಕ್ಕ, ಮಗಳಿಗೆ ಮನೆಯಲ್ಲಿ ಕಾಯುವವರಿದ್ದಾರೆಂದು ನೆನಪಿಸಿ. ಓದಿಗೆ ಇದು ಕಡ್ಡಾಯವಲ್ಲದಿದ್ದರೆ ಬಿಡಿಸುವುದೇ ಮೇಲು.


ನಿವೃತ್ತ ಭೌತಶಾಸ್ತ್ರ ಮೇಷ್ಟ್ರು, ಸಾಗರ
ಏಪ್ರಿಲ್ 23, ಮಧ್ಯಾಹ್ನ 3.05

ತೋಟದಮನೆಯವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ತೀರ್ಮಾನವನ್ನು ಒಪ್ಪಲಾರೆ. ಅದಕ್ಕೆ ಮೊದಲು ಅಕ್ಕನವರ ಮಾತಿನಲ್ಲಿ ಬಂದ ಒಂದು ಸೂಕ್ಷ್ಮದ ಬಗ್ಗೆ ಬರೆಯಬೇಕು. ಆಷಾಢದಲ್ಲಿ ಗುಡುಗಿಲ್ಲ, ಭರಣಿಯಲ್ಲಿ ಗುಡುಗು ಎಂದು ಅವರು ಬರೆದಿದ್ದಾರೆ. ಸೂಪರ್‌ಸೆಲ್ ಅಲ್ಲಿಯೇ ಯಾಕೆ, ನಮ್ಮಲ್ಲಿ ಯಾಕಿಲ್ಲ ಎಂಬ ಪ್ರಶ್ನೆಯ ಉತ್ತರ ಅದರಲ್ಲಿಯೇ ಇದೆ.

ನಮ್ಮ ಮುಂಗಾರುಪೂರ್ವ ಗುಡುಗುಮೋಡ ನೆಟ್ಟಗೆ ಮೇಲಕ್ಕೆ ಬೆಳೆಯುತ್ತದೆ. ಹನಿ ದಪ್ಪವಾದ ಮೇಲೆ ಮಳೆ ಅದೇ ಕಂಬದೊಳಗೇ ಕೆಳಕ್ಕೆ ಸುರಿಯುತ್ತದೆ, ಅದರೊಂದಿಗೆ ತಣ್ಣನೆಯ ಗಾಳಿಯೂ ಇಳಿಯುತ್ತದೆ. ಬಚ್ಚಲ ಒಲೆಗೆ ಮೇಲಿನಿಂದ ನೀರು ಸುರಿದಂತೆ ಮೋಡ ತನ್ನ ಉರಿಯನ್ನು ತಾನೇ ನಂದಿಸಿಕೊಳ್ಳುತ್ತದೆ. ಆದ್ದರಿಂದಲೇ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಮೇಲಿನ ಆಕಾಶದಲ್ಲಿ ಗಾಳಿ ಅಷ್ಟು ಬಲವಾಗಿರುವುದಿಲ್ಲ. ಅಮೆರಿಕದ ಬಯಲಿನಲ್ಲಿ ಹಾಗಲ್ಲ. ನೆಲದ ಬಳಿ ಗಾಳಿ ಆಗ್ನೇಯದಿಂದ ಬೀಸುತ್ತಿದ್ದರೆ, ಮೇಲೆ ಐದಾರು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಅದರ ಎಷ್ಟೋ ಪಟ್ಟು ವೇಗದಲ್ಲಿ ಬೀಸುತ್ತದೆ. ಹೀಗಾಗಿ ಮಳೆ ಬೀಳುವ ಜಾಗ ಒಂದು, ಗಾಳಿ ಏರುವ ಜಾಗ ಇನ್ನೊಂದು ಆಗುತ್ತದೆ. ಉರಿ ನಂದುವುದಿಲ್ಲ, ಮೋಡ ಗಂಟೆಗಟ್ಟಲೆ ಬದುಕುತ್ತದೆ.

ಸುತ್ತುವುದು ಹೇಗೆ ಎಂಬುದಕ್ಕೆ ಮನೆಯಲ್ಲೇ ಉದಾಹರಣೆಯಿದೆ. ದೀಪಕ್ಕೆ ಬತ್ತಿ ಹೊಸೆಯುವಾಗ ಕೆಳಗಿನ ಅಂಗೈ ನಿಂತಿರುತ್ತದೆ, ಮೇಲಿನ ಅಂಗೈ ಸರಿಯುತ್ತದೆ, ನಡುವಿನ ಹತ್ತಿ ಮಲಗಿದಂತೆಯೇ ಉರುಳುತ್ತದೆ. ಕೆಳಗೆ ನಿಧಾನದ ಗಾಳಿ, ಮೇಲೆ ವೇಗದ ಗಾಳಿ ಇದ್ದರೆ ನಡುವಿನ ಗಾಳಿಯೂ ಹಾಗೆ ಅಡ್ಡಲಾಗಿ ಉರುಳುತ್ತಿರುತ್ತದೆ. ಮೇಲೇರುವ ಬಿಸಿಗಾಳಿ ಆ ಬತ್ತಿಯನ್ನು ಎತ್ತಿ ನಿಲ್ಲಿಸಿದರೆ ಸುತ್ತುವಿಕೆಯೂ ನೆಟ್ಟಗೆ ನಿಲ್ಲುತ್ತದೆ, ಏರುವ ಕಂಬವೇ ತಿರುಗತೊಡಗುತ್ತದೆ. ಹೀಗೆ ತಿರುಗುವ ಕಂಬವುಳ್ಳ ಮೋಡವೇ ಸೂಪರ್‌ಸೆಲ್. ಬ್ರಿಟನ್ನಿನ ಕೀತ್ ಬ್ರೌನಿಂಗ್ 1959ರ ಜುಲೈ 9ರಂದು ವೋಕಿಂಗ್‌ಹ್ಯಾಮ್ ಮೇಲೆ ಹಾದುಹೋದ ಒಂದು ಆಲಿಕಲ್ಲಿನ ಮಳೆಯನ್ನು ರೇಡಾರ್‌ನಲ್ಲಿ ಅಭ್ಯಾಸ ಮಾಡಿ, ಮುಂದೆ ಈ ಬಗೆಯ ಮೋಡಕ್ಕೆ ಆ ಹೆಸರು ಕೊಟ್ಟರು. ಸೂಪರ್‌ಸೆಲ್ ಎಂದರೆ ಸುಂಟರಗಾಳಿ ಎಂದೂ ಅಲ್ಲ. ಬಹುಪಾಲು ಸೂಪರ್‌ಸೆಲ್‌ಗಳು ಸುಂಟರಗಾಳಿ ಹುಟ್ಟಿಸದೆಯೇ ಮುಗಿಯುತ್ತವೆ. ಅಂದಹಾಗೆ ನಮ್ಮ ಪತ್ರಿಕೆಗಳು ಸುಂಟರಗಾಳಿಗೂ ಚಂಡಮಾರುತಕ್ಕೂ ಒಂದೇ ಹೆಸರು ಬರೆಯುವುದನ್ನು ಬಿಡಬೇಕು. ಚಂಡಮಾರುತ ಸಮುದ್ರದ ಮೇಲೆ ಹುಟ್ಟಿ ನೂರಾರು ಕಿಲೋಮೀಟರ್ ಹರಡಿ ದಿನಗಟ್ಟಲೆ ಇರುವಂಥದ್ದು.

ಇನ್ನು ಜುಲೈನ ಮಾತು. ಆಗ ನಮ್ಮ ಮೇಲೆ ಗಾಳಿಯ ವ್ಯತ್ಯಾಸ ಬೇಕಾದಷ್ಟಿರುತ್ತದೆ. ಕೆಳಗೆ ಪಶ್ಚಿಮದ ಮುಂಗಾರು ಗಾಳಿ, ಹದಿನಾಲ್ಕು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಪೂರ್ವದಿಂದ ಬೀಸುವ ಪ್ರಬಲ ಗಾಳಿ. ಆದರೆ ಸೂರ್ಯನೇ ಕಾಣದ ದಿನಗಳಲ್ಲಿ ನೆಲ ಕಾಯುವುದಿಲ್ಲ, ಗಾಳಿ ರಭಸದಿಂದ ಏರುವುದಿಲ್ಲ. ಘಟ್ಟಕ್ಕೆ ತಾಗಿ ನಿಧಾನವಾಗಿ ಏರಿ ಸುರಿಯುತ್ತದೆ. ಅಂದರೆ ಭರಣಿಯಲ್ಲಿ ಉರಿಯಿದೆ, ಗಾಳಿಯ ವ್ಯತ್ಯಾಸವಿಲ್ಲ. ಆಷಾಢದಲ್ಲಿ ವ್ಯತ್ಯಾಸವಿದೆ, ಉರಿಯಿಲ್ಲ. ಎರಡೂ ಒಟ್ಟಿಗೆ ಕೂಡುವುದು ನಮ್ಮ ಉಪಖಂಡದಲ್ಲಿ ಉತ್ತರ ಮತ್ತು ಪೂರ್ವದ ಬಯಲುಗಳಲ್ಲಿ. 1888ರ ಏಪ್ರಿಲ್ 30ರಂದು ಮೊರಾದಾಬಾದ್ ಬಳಿ ಆಲಿಕಲ್ಲಿಗೆ 246 ಜನ ಸತ್ತರು. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯ ಸುಂಟರಗಾಳಿಗೆ ಸುಮಾರು 1300 ಜನ ಬಲಿಯಾದರು. ಅದು ಜಗತ್ತಿನಲ್ಲೇ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿಯೆಂದು ದಾಖಲಾಗಿದೆ.

ಈ ಕಾರಣಕ್ಕಾಗಿಯೇ ತೋಟದಮನೆಯವರೊಂದಿಗೆ ನನ್ನ ಭಿನ್ನಾಭಿಪ್ರಾಯ. ರೇಡಾರ್‌ನ ಕಿರಣ ನೇರವಾಗಿ ಸಾಗುತ್ತದೆ, ಭೂಮಿ ಬಾಗಿದೆ. ನೂರು ಕಿಲೋಮೀಟರ್ ದೂರದ ಮೋಡದಲ್ಲಿ ನೆಲದ ಬಳಿ ಏನಾಗುತ್ತಿದೆ ಎಂಬುದು ರೇಡಾರ್‌ಗೆ ಕಾಣುವುದಿಲ್ಲ, ಅಲ್ಲಿ ನಿಂತವರಿಗೆ ಕಾಣುತ್ತದೆ. 1973ರ ಮೇ 24ರಂದು ಒಕ್ಲಹೋಮಾದ ಯೂನಿಯನ್ ಸಿಟಿಯ ಸುಂಟರಗಾಳಿಯನ್ನು ಒಂದು ತಂಡ ನೆಲದಿಂದ ಚಿತ್ರೀಕರಿಸುತ್ತಿದ್ದಾಗಲೇ ನಾರ್ಮನ್‌ನ ಡಾಪ್ಲರ್ ರೇಡಾರ್ ಅದನ್ನೇ ನೋಡುತ್ತಿತ್ತು. ಎರಡನ್ನೂ ಹೋಲಿಸಿದಾಗ ಸುಂಟರಗಾಳಿಯ ಗುರುತು ರೇಡಾರ್‌ನಲ್ಲಿ ಹೇಗಿರುತ್ತದೆ ಎಂಬುದು ಮೊದಲ ಬಾರಿಗೆ ತಿಳಿಯಿತು. ಇಂದು ಅಲ್ಲಿನ ಹಳ್ಳಿಗಳಿಗೆ ಸಿಗುವ ಮುನ್ನೆಚ್ಚರಿಕೆಯ ಹಿಂದೆ ಆ ದಿನದ ಕೆಲಸವಿದೆ. ಹವಾಮಾನ ಓದುವ ಹುಡುಗಿ ತಾನು ಓದುವ ವಸ್ತುವನ್ನು ಕಣ್ಣಿನಿಂದ ನೋಡಬೇಡ ಎಂದರೆ ಅವಳು ಓದುವುದಾದರೂ ಏನನ್ನು? ಹೋಗುವ ಬಗೆಯನ್ನು ಪ್ರಶ್ನಿಸೋಣ, ಹೋಗುವುದನ್ನಲ್ಲ.


ಮಳೆಲೆಕ್ಕ, ತೀರ್ಥಹಳ್ಳಿ ತಾಲ್ಲೂಕು
ಏಪ್ರಿಲ್ 26, ರಾತ್ರಿ 8.30

ಮೂವರಿಗೂ ಋಣಿಯಾಗಿದ್ದೇನೆ. ಗಾಜನೂರಿನವರ ಪತ್ರವನ್ನು ಮೂರು ಸಲ ಓದಿದೆ. ತೀರಿಹೋದ ಆ ವಿದ್ಯಾರ್ಥಿಗಳ ವಿಷಯ ಓದಿದ ರಾತ್ರಿ ಬಹಳ ಸಂಕಟವಾಯಿತು. ಆದರೂ ಬರೆದದ್ದು ಒಳ್ಳೆಯದಾಯಿತು. ನಿನ್ನೆ ಭಾನುವಾರ ಮಗಳೊಡನೆ ಒಂದು ಗಂಟೆ ಮಾತನಾಡಿದೆ.

ನಾಲ್ವರು ಹೋಗುತ್ತಾರೆ. ಗಾಡಿ ಓಡಿಸುವವನು ಅಲ್ಲಿಯೇ ಹುಟ್ಟಿ ಬೆಳೆದವನು, ಅವನಿಗಿದು ಎಂಟನೆಯ ವರ್ಷ. ಅವನು ಫೋನನ್ನಾಗಲಿ ಕ್ಯಾಮೆರಾವನ್ನಾಗಲಿ ಮುಟ್ಟುವುದಿಲ್ಲ. ಪಕ್ಕದಲ್ಲಿ ಕುಳಿತವರು ರೇಡಾರ್ ನೋಡುತ್ತಾರೆ. ಮಳೆಯೊಳಗಿನಿಂದ ತೂರುವುದಿಲ್ಲ ಎಂದು ಮೊದಲೇ ಮಾತಾಗಿದೆಯಂತೆ. ಬುಡದ ಆಗ್ನೇಯಕ್ಕೆ ನಿಲ್ಲುವ ವಿಷಯವನ್ನು ನಾನು ಹೇಳಿದಾಗ ಅವಳು ಕೆಲವು ಕ್ಷಣ ಸುಮ್ಮನಾದಳು, ಆಮೇಲೆ “ಅಮ್ಮ, ನಿನಗೆ ಇದೆಲ್ಲ ಯಾರು ಹೇಳಿಕೊಟ್ಟರು?” ಎಂದು ಕೇಳಿದಳು. ಸೇತುವೆಗಳ ಬಗ್ಗೆ ಮಾತ್ರ ಅವಳಲ್ಲಿ ಉತ್ತರವಿರಲಿಲ್ಲ. ಇವತ್ತು ಬೆಳಿಗ್ಗೆ ಕೆನೆಡಿಯನ್ ನದಿಯ ಮೇಲಿನ ಸೇತುವೆಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಗುರುತು ಮಾಡಿದ ನಕ್ಷೆಯ ಚಿತ್ರ ಕಳಿಸಿದ್ದಾಳೆ. ರಾತ್ರಿ ತಂಗುವ ದುಡ್ಡನ್ನು ಬೇಡವೆಂದರೂ ಕಳಿಸಿದ್ದೇನೆ.

ಒಂದು ವಿಷಯ ಉಳಿದಿದೆ. ಅವಳ ಸಂಜೆ ಆರು ಗಂಟೆಯೆಂದರೆ ನಮಗೆ ಮರುದಿನ ಬೆಳಗಿನ ಜಾವ ನಾಲ್ಕೂವರೆ. ಮೋಡ ಜೋರಾಗಿರುವ ಹೊತ್ತು ಅದೇ ಅಂತೆ. ಅಷ್ಟು ಹೊತ್ತಿಗೆ ನಾನು ಎಚ್ಚರವಿರುತ್ತೇನೆ, ದಿನ ಮುಗಿದ ಮೇಲೆ ಒಂದು ಸಾಲು ಕಳಿಸು ಎಂದೆ. ಒಪ್ಪಿದಳು. ಆದರೆ ತಾನೂ ಒಂದು ಪ್ರಶ್ನೆ ಕೇಳುವುದಿದೆ ಎಂದಳು. ಗುಡುಗು ಕೇಳಿದ ಕೂಡಲೇ ಅಂಗಳದಲ್ಲಿ ಹರವಿದ ಕಾಳುಮೆಣಸಿಗೆ ಟಾರ್ಪಾಲು ಹೊದಿಸಲು ನಾನು ಬಯಲಿಗೆ ಓಡುತ್ತೇನೆ, ಅದೂ ಬಟ್ಟೆ ಒಣಹಾಕುವ ತಂತಿಯ ಅಡಿಯಲ್ಲಿ, ತೆಂಗಿನ ಮರದ ಪಕ್ಕದಲ್ಲಿ. ಚಿಕ್ಕವಳಿದ್ದಾಗಿನಿಂದ ಅದನ್ನು ನೋಡಿ ಹೆದರಿದ್ದೇನೆ, ನಿನಗೆ ಯಾವ ನಿಯಮವಿದೆ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೆ ನಿಯಮವೇನಾದರೂ ಇದೆಯೇ?


ನಿವೃತ್ತ ಭೌತಶಾಸ್ತ್ರ ಮೇಷ್ಟ್ರು, ಸಾಗರ
ಏಪ್ರಿಲ್ 27, ಬೆಳಿಗ್ಗೆ 6.50

ಇದೆ, ಮಗಳು ಸರಿಯಾಗಿಯೇ ಕೇಳಿದ್ದಾಳೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತರೊಳಗೆ ಗುಡುಗು ಕೇಳಿದರೆ ಮೋಡ ಹತ್ತು ಕಿಲೋಮೀಟರಿನೊಳಗಿದೆ, ಮುಂದಿನ ಸಿಡಿಲು ನಿಮ್ಮ ಅಂಗಳಕ್ಕೇ ಬೀಳಬಹುದು. ನಿಜವಾಗಿ ಗುಡುಗು ಕಿವಿಗೆ ಬಿತ್ತೆಂದರೆ ಒಳಗೆ ಹೋಗುವ ಹೊತ್ತಾಯಿತೆಂದೇ ಅರ್ಥ. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಹೊರಗೆ ಬರಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿ ಎಂಬ ಆ್ಯಪ್ ಫೋನಿನಲ್ಲಿದ್ದರೆ ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಎಂದು ತೋರಿಸುತ್ತದೆ. ಮಗಳ ಕಾರಿನ ಬಗ್ಗೆಯೂ ಒಂದು ಮಾತು. ಕಿಟಕಿ ಮುಚ್ಚಿದ ಕಾರಿನ ಲೋಹದ ಮೈ ಸಿಡಿಲನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಸಿಡಿಲಿನ ಮಟ್ಟಿಗೆ ಅವಳು ಕಾರಿನೊಳಗೆ ಇರುವಷ್ಟು ಹೊತ್ತು ನಿಮಗಿಂತ ಸುರಕ್ಷಿತಳು.


ತೋಟದಮನೆ, ಹೊಸನಗರ
ಏಪ್ರಿಲ್ 27, ರಾತ್ರಿ 9.00

ಬೆನ್ನಟ್ಟುವ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಮೇಷ್ಟ್ರು ಕ್ಷಮಿಸಬೇಕು. ಆದರೆ ಮೆಣಸಿನ ವಿಷಯದಲ್ಲಿ ಅಕ್ಕನಿಗೆ ಒಂದು ಸಲಹೆ ಕೊಡಬಲ್ಲೆ. ನಾನು ಎರಡು ವರ್ಷದಿಂದ ಮೆಣಸನ್ನು ಟಾರ್ಪಾಲಿನ ಮೇಲೆಯೇ ಹರವಿ, ಮಧ್ಯಾಹ್ನ ಎರಡು ಗಂಟೆಗೆ ಮೋಡ ಇರಲಿ ಬಿಡಲಿ ನಾಲ್ಕು ಮೂಲೆ ಮಡಚಿ ಜಗಲಿಗೆ ಎಳೆದುಬಿಡುತ್ತೇನೆ. ಒಣಗುವುದು ಎರಡು ದಿನ ತಡವಾಗುತ್ತದೆ, ಅಷ್ಟೇ. ನೆನೆದು ಬೂಸ್ಟು ಹಿಡಿಯುವುದಕ್ಕಿಂತ ಅದು ಲೇಸು. ಬಟ್ಟೆಯ ತಂತಿಯನ್ನು ಬಿಚ್ಚಿ ನೈಲಾನ್ ಹಗ್ಗ ಕಟ್ಟಿ.


ಮಳೆಲೆಕ್ಕ, ತೀರ್ಥಹಳ್ಳಿ ತಾಲ್ಲೂಕು
ಮೇ 6, ಬೆಳಿಗ್ಗೆ 9.15

ಮಗಳು ಮೊನ್ನೆ ಮೊದಲ ಸಲ ಹೋಗಿ ಬಂದಳು. ಎಲ್ಕ್ ಸಿಟಿಯ ಬಂಕಿನಲ್ಲಿ ಐದು ಗಂಟೆ ಕಾದರೂ ಮುಚ್ಚಳ ಒಡೆಯಲೇ ಇಲ್ಲವಂತೆ. ನೀಲಿ ಆಕಾಶ ನೋಡಿ, ಊಟ ಮಾಡಿ, ಕತ್ತಲಾಗುವ ಮೊದಲೇ ಮನೆ ಸೇರಿದರಂತೆ. ನಾನು ನಾಲ್ಕು ಗಂಟೆಗೇ ಎದ್ದು ಕಾಫಿ ಕಾಸಿಕೊಂಡು ಕುಳಿತಿದ್ದೆ. ಆರೂಕಾಲಿಗೆ “ಏನೂ ಆಗಲಿಲ್ಲ ಅಮ್ಮ, ತುಂಬಾ ಬೇಜಾರು” ಎಂದು ಬರೆದಳು. ಅವಳ ಬೇಜಾರನ್ನು ಓದಿ ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮುಂದಿನ ವಾರ ಮತ್ತೆ ಹೋಗುತ್ತಾರಂತೆ.

ನಿನ್ನೆ ಮಧ್ಯಾಹ್ನ ನಮ್ಮಲ್ಲಿ ಭರಣಿ ಮಳೆ ಜೋರಾಗಿ ಬಂತು. ಎರಡಕ್ಕೆ ಎಳೆಯಬೇಕಿದ್ದ ಮೆಣಸನ್ನು ನೆಂಟರು ಬಂದಿದ್ದರಿಂದ ಮರೆತಿದ್ದೆ. ಮೊದಲ ಮಿಂಚು ಕಂಡಾಗ ಎಣಿಸಿದೆ, ಹದಿನಾಲ್ಕಕ್ಕೆ ಗುಡುಗಿತು. ಜಗಲಿಯಲ್ಲಿಯೇ ನಿಂತೆ. ಸುಮಾರು ಹನ್ನೆರಡು ಕಿಲೋ ಮೆಣಸು ನೆನೆಯಿತು, ಇವತ್ತು ಬಿಸಿಲು ಚೆನ್ನಾಗಿರುವುದರಿಂದ ಮತ್ತೆ ಹರವಿದ್ದೇನೆ. ಇಂದಿನ ಎಂಟೂವರೆಯ ಅಳತೆ 34.2 ಮಿ.ಮೀ.